ಒಮ್ಮನದ ಕಾಯಕ, ಇಮ್ಮನದ ದುಡಿಮೆ



ಇಂದಿನ ಉದ್ಯೋಗಸ್ಥರ ಬಾಯಲ್ಲಿ ಪದೇ ಪದೇ ಕೇಳಿಬರುವ ಕೊರಗೊಂದಿದೆ. ಬೆಳಗಿನಿಂದ ರಾತ್ರಿಯವರೆಗೆ ದುಡಿದರೂ ಕೆಲಸ ಮುಗಿಯುವುದಿಲ್ಲ. ಕೈ ಒಂದೆಡೆ ಇದ್ದರೆ ಮನಸ್ಸು ಹತ್ತೆಡೆ ಹರಿದಾಡುತ್ತದೆ. ಇದಕ್ಕೆ ಪರಿಹಾರವೆಂದು ಮುಂದಿಡಲಾಗುವ ಸಲಹೆಯೂ ಬಹುಮಟ್ಟಿಗೆ ಒಂದೇ: ಇನ್ನಷ್ಟು ಹೊತ್ತು ದುಡಿಯಿರಿ. 2023ರಲ್ಲಿ ವಾರಕ್ಕೆ 70 ಗಂಟೆಗಳ ದುಡಿಮೆಯ ಮಾತು ದೇಶದಾದ್ಯಂತ ಚರ್ಚೆಗೆ ಬಂದಿತು. 2024ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿಯೇ ಮಾಹಿತಿ ತಂತ್ರಜ್ಞಾನ ವಲಯದಲ್ಲಿ ದಿನಕ್ಕೆ 14 ಗಂಟೆಗಳವರೆಗೆ ದುಡಿಸಲು ಅವಕಾಶ ಕೊಡುವ ಪ್ರಸ್ತಾಪವೆದ್ದು, ನೌಕರರ ಸಂಘಟನೆಗಳು ಅದನ್ನು ವಿರೋಧಿಸಿದವು. ಇಂತಹ ಚರ್ಚೆಗಳ ನಡುವೆ ಕಾಯಕವನ್ನು ಕೈಲಾಸವೆಂದು ಬಗೆದ ಶರಣರ ನುಡಿಯನ್ನೂ ಸಾಕ್ಷಿಗೆ ಕರೆಯುವುದುಂಟು. ಆ ನುಡಿಯನ್ನಾಡಿದವರು ನಿಜವಾಗಿ ಹೇಳಿದ್ದೇನು, ಬದುಕಿದ್ದು ಹೇಗೆ ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ಅವಲೋಕಿಸುವುದು ಅವಶ್ಯಕವಾಗಿದೆ.

ಆ ಪ್ರಸಿದ್ಧ ನುಡಿ ಬಸವಣ್ಣನವರದೆಂದು ಅನೇಕರು ಭಾವಿಸಿದ್ದಾರೆ. ಅದು ಬರುವುದು ಆಯ್ದಕ್ಕಿ ಮಾರಯ್ಯನವರ ವಚನದಲ್ಲಿ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಮಡದಿ ಲಕ್ಕಮ್ಮನವರೊಡನೆ ಕಲ್ಯಾಣಕ್ಕೆ ಬಂದವರು ಮಾರಯ್ಯನವರು. ಅದು 12ನೆಯ ಶತಮಾನ. ಕಳಚುರಿ ಬಿಜ್ಜಳನ ಆಳ್ವಿಕೆಯ ಕಾಲ. ಭಂಡಾರಿಯಾಗಿದ್ದ ಬಸವಣ್ಣನವರ ಮಹಾಮನೆಯಲ್ಲಿ ನಿತ್ಯ ದಾಸೋಹ ನಡೆಯುತ್ತಿದ್ದ ಕಾಲ. ಆ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮ ದಾಸೋಹ ನಡೆಸುವುದು ಈ ದಂಪತಿಗಳ ಕಾಯಕವಾಗಿತ್ತು. ಲೋಕದ ದೃಷ್ಟಿಯಲ್ಲಿ ಇದಕ್ಕಿಂತ ಕಿರಿದಾದ ಕೆಲಸವಿಲ್ಲ. ಆದರೆ ಕಾಯಕದ ಕುರಿತಾದ ಅತ್ಯಂತ ಗಟ್ಟಿ ಮಾತುಗಳು ಹುಟ್ಟಿದ್ದು ಈ ಅಂಗಳದಲ್ಲಿಯೇ.

ಇವರ ಪ್ರಸಂಗವನ್ನು ಸಂವಾದದ ರೂಪದಲ್ಲಿ ಹೆಣೆದುಕೊಟ್ಟದ್ದು 15ನೆಯ ಶತಮಾನದ ಶೂನ್ಯಸಂಪಾದನೆ. ಘಟನೆಯ ವಿವರಗಳನ್ನು ಪರಂಪರೆಯ ನೆನಪೆಂದು ಗ್ರಹಿಸಬೇಕು. ಆದರೆ ಅದರೊಳಗೆ ಪೋಣಿಸಿರುವುದು ಆ ದಂಪತಿಗಳ ವಚನಗಳನ್ನೇ. ಒಂದು ದಿನ ಮಾರಯ್ಯನವರು ಅಲ್ಲಮಪ್ರಭುಗಳೊಡನೆ ಅನುಭಾವ ಗೋಷ್ಠಿಯಲ್ಲಿ ತೊಡಗಿದ್ದರು. ಚರ್ಚೆಯ ವಿಷಯವೂ ಕಾಯಕವೇ. ಕಾಯಕದಲ್ಲಿ ತೊಡಗಿದವನಿಗೆ ಗುರುವಿನ ದರ್ಶನವಾಗಲಿ, ಲಿಂಗದ ಪೂಜೆಯಾಗಲಿ, ಎದುರಿಗೆ ಬಂದು ನಿಂತ ಜಂಗಮವಾಗಲಿ ಅಡ್ಡಿಯಾಗಬಾರದೆಂಬುದು ಅವರ ನಿಲುವು. ಆದರೆ ಕಾಯಕದ ಹಿರಿಮೆಯನ್ನು ಮಾತನಾಡುತ್ತಲೇ ಅವರ ಕಾಯಕದ ಹೊತ್ತು ಮೀರಿತ್ತು! ಅದನ್ನು ನೆನಪಿಸಿ ಎಬ್ಬಿಸಿದವರು ಲಕ್ಕಮ್ಮನವರು. ಕೆಲಸದ ಬಗ್ಗೆ ಮಾತನಾಡುವುದೇ ಕೆಲಸವೆಂದು ನಂಬಿ ಸಭೆಯಿಂದ ಸಭೆಗೆ ಹೋಗುತ್ತಿರುವ ನಮ್ಮ ಕಾಲಕ್ಕೂ ಆ ತಾಯಿಯ ಎಚ್ಚರಿಕೆ ಸಲ್ಲುತ್ತದೆ.

ಕತೆಯ ತಿರುಳಿರುವುದು ಮುಂದಿನ ಭಾಗದಲ್ಲಿ. ತಡವಾಯಿತೆಂದು ಅವಸರದಿಂದ ಹೋದ ಮಾರಯ್ಯನವರು ಆ ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲೆಕ್ಕದ ಪ್ರಕಾರ ನೋಡಿದರೆ ಇದು ಮೆಚ್ಚತಕ್ಕ ವಿಷಯ: ಕಡಿಮೆ ಹೊತ್ತಿನಲ್ಲಿ ಹೆಚ್ಚು ಫಲ. ಲಕ್ಕಮ್ಮನವರು ಮೆಚ್ಚಲಿಲ್ಲ. ಇಷ್ಟು ಅಕ್ಕಿಯ ಆಸೆ ನಮಗೇಕೆ, ಅಂತಹ ಆಸೆ ಅರಸರಿಗೆ ಒಪ್ಪಬಹುದಲ್ಲದೆ ಭಕ್ತರಿಗೆ ಒಪ್ಪುವುದಿಲ್ಲ ಎಂಬ ಭಾವದಲ್ಲಿ ಪತಿಯನ್ನು ತಿದ್ದಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ಮಾರಯ್ಯನವರು ಹಾಗೆಯೇ ಮಾಡಿದರು.

ಇಲ್ಲಿ ಲಕ್ಕಮ್ಮನವರು ಬಳಸುವ ಎರಡು ಪದಗಳನ್ನು ಗಮನಿಸಬೇಕು: ಒಮ್ಮನ ಮತ್ತು ಇಮ್ಮನ. ಮಾನವೆಂಬುದು ಧಾನ್ಯದ ಅಳತೆ, ಮನವೆಂಬುದು ಚಿತ್ತ. ಒಮ್ಮನವೆಂದರೆ ಒಂದು ಅಳತೆಯೂ ಹೌದು, ಒಂದೇ ಮನಸ್ಸೂ ಹೌದು. ಇಮ್ಮನವೆಂದರೆ ಇಮ್ಮಡಿ ಅಳತೆಯೂ ಹೌದು, ಎರಡಾಗಿ ಸೀಳಿದ ಮನಸ್ಸೂ ಹೌದು. ಒಂದೇ ಪದದಲ್ಲಿ ಆ ತಾಯಿ ಏಕಾಗ್ರತೆಯ ಮರ್ಮವನ್ನೇ ತೆರೆದಿಟ್ಟಿದ್ದಾರೆ. ಅಳತೆ ಇಮ್ಮಡಿಯಾಯಿತೆಂದರೆ ಮನಸ್ಸು ಎರಡಾಯಿತೆಂದೇ ಅರ್ಥ. ಕೈಯೊಂದು ಅಕ್ಕಿಯನ್ನು ಆಯುತ್ತಿರುವಾಗಲೇ ಚಿತ್ತವು ನಾಳೆಯ ಸಂಗ್ರಹವನ್ನು ಎಣಿಸುತ್ತಿರುತ್ತದೆ. ಏಕಾಗ್ರತೆ ಕೆಡುವುದು ಮನಸ್ಸಿನ ದೌರ್ಬಲ್ಯದಿಂದ ಮಾತ್ರವಲ್ಲ. ಕೆಲಸಕ್ಕೆ ಮಿತಿಯಿಲ್ಲದಿರುವುದರಿಂದ ಎಂಬುದು ಇದರ ತಾತ್ಪರ್ಯ.

ನುಲಿಯ ಚಂದಯ್ಯನವರ ಚರಿತ್ರೆ ಇದೇ ತತ್ತ್ವದ ಇನ್ನೊಂದು ಮುಖ. ಕೆರೆಯಂಚಿನ ಹುಲ್ಲನ್ನು ಕೊಯ್ದು, ಹೊಸೆದು, ಹಗ್ಗ ಮಾಡಿ ಮಾರುವುದು ಅವರ ಕಾಯಕ. ಹುಲ್ಲು ಕೊಯ್ಯುವಾಗ ಕೊರಳ ಇಷ್ಟಲಿಂಗ ಜಾರಿ ಬಿದ್ದರೂ ಅವರು ಕಾಯಕವನ್ನು ನಿಲ್ಲಿಸಲಿಲ್ಲವೆಂದೂ, ಲಿಂಗವೇ ಬೆನ್ನಟ್ಟಿ ಬಂದಿತೆಂದೂ, ಕೊನೆಗೆ ಮಡಿವಾಳ ಮಾಚಯ್ಯನವರು ನಡುವೆ ನಿಂತು ಸಂಧಾನ ಮಾಡಿದರೆಂದೂ ಪರಂಪರೆ ಹೇಳುತ್ತದೆ. ಅದೇ ಚಂದಯ್ಯನವರು, ಹಗ್ಗಕ್ಕೆ ಸಲ್ಲುವ ಬೆಲೆಗಿಂತ ಮಿಗಿಲಾದ ಹಣ ಮಹಾಮನೆಯಿಂದ ಬಂದಾಗ ಒಪ್ಪಲಿಲ್ಲ. ಕೆಲಸದ ವೇಳೆಯಲ್ಲಿ ಲಿಂಗಕ್ಕೂ ತಿರುಗಿ ನೋಡದ ನಿಷ್ಠೆ, ಕೆಲಸ ಮುಗಿದ ಮೇಲೆ ಹೆಚ್ಚಿನ ಕಾಸಿಗೂ ಕೈಚಾಚದ ಸಂಯಮ, ಇವೆರಡೂ ಒಬ್ಬನೇ ಮನುಷ್ಯನಲ್ಲಿದ್ದವು. ಒಂದನ್ನು ಬಿಟ್ಟು ಇನ್ನೊಂದು ನಿಲ್ಲಲಾರದೆಂಬುದೇ ಶರಣರ ಅನುಭವ.

ಇದು ಭಕ್ತರ ಕತೆಯಾಯಿತು, ಕಾರ್ಖಾನೆ ಕಚೇರಿಗಳ ಲೋಕಕ್ಕೆ ಇದು ಒಪ್ಪೀತೇ ಎಂದು ಕೇಳುವವರಿದ್ದಾರೆ. ಕಲ್ಯಾಣದ ಹೆಸರನ್ನೂ ಅರಿಯದ ಜನ ದೂರದ ಬ್ರಿಟನ್ನಿನಲ್ಲಿ ನಡೆಸಿದ ಪರೀಕ್ಷೆಯೊಂದು ಇದಕ್ಕೆ ಉತ್ತರ ಕೊಡುತ್ತದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿಯ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಗಂಡಸರೂ ಹೆಂಗಸರೂ ಭಾನುವಾರದ ಬಿಡುವೂ ಇಲ್ಲದೆ ದುಡಿಯುತ್ತಿದ್ದರು. ಯುದ್ಧಭೂಮಿಗೆ ಗುಂಡು ಸಾಲದು. ಆದ್ದರಿಂದ ಹೆಚ್ಚು ಗಂಟೆ ದುಡಿಸಬೇಕೆಂಬುದು ಸಹಜವಾದ ಲೆಕ್ಕ. 1915ರಲ್ಲಿ ಸರ್ಕಾರ ಕಾರ್ಮಿಕರ ಆರೋಗ್ಯದ ಕುರಿತು ಸಮಿತಿಯೊಂದನ್ನು ರಚಿಸಿತು. ಸಮಿತಿಗಾಗಿ ಎಚ್. ಎಂ. ವೆರ್ನನ್ ಎಂಬ ವಿಜ್ಞಾನಿ ದುಡಿದ ಗಂಟೆಗಳನ್ನೂ ತಯಾರಾದ ವಸ್ತುಗಳನ್ನೂ ಎಣಿಸಿ ದಾಖಲಿಸಿದರು. ಗಂಟೆಗಳನ್ನು ಇಳಿಸಿದ ಕಡೆಗಳಲ್ಲಿ ಉತ್ಪಾದನೆ ಅದೇ ಪ್ರಮಾಣದಲ್ಲಿ ಕುಸಿಯಲಿಲ್ಲ. ಜಾನ್ ಪೆಂಕಾವೆಲ್ ಎಂಬ ಅರ್ಥಶಾಸ್ತ್ರಜ್ಞರು ಅದೇ ಹಳೆಯ ದಾಖಲೆಗಳನ್ನು ಹೊಸ ವಿಧಾನದಿಂದ ಪರಿಶೀಲಿಸಿ 2014ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ವಾರಕ್ಕೆ 70 ಗಂಟೆ ದುಡಿದವರ ಉತ್ಪಾದನೆಗೂ 56 ಗಂಟೆ ದುಡಿದವರ ಉತ್ಪಾದನೆಗೂ ಹೆಚ್ಚಿನ ಅಂತರವಿರಲಿಲ್ಲ. ವಾರದ ಒಂದು ದಿನದ ವಿಶ್ರಾಂತಿಯನ್ನು ಕಸಿದುಕೊಂಡಾಗ ಕೆಲಸದ ಫಲವೇ ಕುಗ್ಗಿತು. ಕೊನೆಯ 14 ಗಂಟೆಗಳ ಬೆವರು ಬಹುಪಾಲು ವ್ಯರ್ಥವಾಗಿತ್ತು. ದಣಿದ ದೇಹದಲ್ಲಿ ಮನ ಒಂದಾಗಿ ನಿಲ್ಲುವುದಿಲ್ಲ. ಲಕ್ಕಮ್ಮನವರು ಅಂಗಳದ ಅಕ್ಕಿಯನ್ನು ನೋಡಿ ಅರಿತದ್ದನ್ನು ಯಂತ್ರಯುಗ ಲೆಕ್ಕ ಹಾಕಿ ಅರಿಯಿತು.

ಹಾಗಾದರೆ ಶರಣರು ಕಡಿಮೆ ದುಡಿಯಿರೆಂದು ಬೋಧಿಸಿದರೇ? ಖಂಡಿತ ಇಲ್ಲ. ಅವರ ಪರಂಪರೆಯಲ್ಲಿಯೇ ಬೆಳೆದ ಡಾ. ಫ.ಗು. ಹಳಕಟ್ಟಿಯವರ ಜೀವನವನ್ನು ನೋಡಿ. 1880ರಲ್ಲಿ ಧಾರವಾಡದಲ್ಲಿ ಜನಿಸಿ, ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಅವರು ತಾಡೋಲೆಗಳನ್ನು ಹುಡುಕಿ ಊರೂರು ತಿರುಗಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಬೆಳಕಿಗೆ ತಂದರು. ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. 1964ರಲ್ಲಿ ಲಿಂಗೈಕ್ಯರಾಗುವವರೆಗೂ ವಚನಗಳ ಸೇವೆಯನ್ನು ಬಿಡಲಿಲ್ಲ. ಅವರ ದುಡಿಮೆ ಅಪಾರ. ಆದರೆ ಅದು ಮತ್ತೊಬ್ಬರು ಹೊರಿಸಿದ ಹೊರೆಯಲ್ಲ. ಹೆಚ್ಚಿನ ಗಳಿಕೆಯ ಆಸೆಯೂ ಅದರಲ್ಲಿರಲಿಲ್ಲ. ವಕೀಲಿಯ ಸಂಪತ್ತನ್ನು ಬೆನ್ನಟ್ಟದೆ ಬಿಟ್ಟದ್ದರಿಂದಲೇ ಮನ ವಚನಗಳಲ್ಲಿ ಒಂದಾಯಿತು. ಇದೂ ಒಮ್ಮನದ ಕಾಯಕವೇ. ಗಂಟೆಗಳ ಸಂಖ್ಯೆಯೊಂದೇ ಇದನ್ನು ನಿರ್ಣಯಿಸುವುದಿಲ್ಲ. ಮನ ಒಂದಾಗಿದೆಯೇ, ಆ ದುಡಿಮೆ ತಾನಾಗಿ ಒಪ್ಪಿಕೊಂಡದ್ದೇ ಎಂಬುದನ್ನು ನೋಡಬೇಕು.

ಈ ಚರಿತ್ರೆಯಿಂದ ನಮ್ಮ ನಿತ್ಯದ ಕೆಲಸಕ್ಕೆ ಸಿಗುವ ಪಾಠ ಸರಳವಾಗಿದೆ. ದಿನದ ಆರಂಭದಲ್ಲಿಯೇ ಆ ದಿನದ ಅಳತೆಯನ್ನು ನಿಶ್ಚಯಿಸಿಕೊಳ್ಳಬೇಕು. ಅಳತೆಯಿಲ್ಲದ ಕೆಲಸ ಎಂದೂ ಮುಗಿಯದು. ಆ ಕೆಲಸದಲ್ಲಿರುವಾಗ ಪೂಜ್ಯವಾದದ್ದೂ ಕಾಯಬಹುದು ಎಂದ ಮೇಲೆ, ಕ್ಷಣಕ್ಷಣಕ್ಕೂ ಕರೆಯುವ ಮೊಬೈಲು ಕಾಯಲಾರದೇ? ನಮ್ಮ ಗೋಷ್ಠಿ ಕಾಯಕವನ್ನು ನುಂಗುತ್ತಿರುವಾಗ ಎಚ್ಚರಿಸುವ ಹಿತೈಷಿಯ ಮಾತಿಗೆ ಸಿಟ್ಟಾಗಬಾರದು. ಹೆಚ್ಚಾಗಿ ತಂದುಕೊಂಡದ್ದನ್ನು ಹಿಂದಿರುಗಿಸುವ ಧೈರ್ಯವೂ ಬೇಕು. ಈ ಕೊನೆಯದು ಎಲ್ಲಕ್ಕಿಂತ ಕಠಿಣ. ಸಂಬಳದ ಚಿಂತೆಯಲ್ಲಿರುವ ನೌಕರನೊಬ್ಬನೇ ಇದನ್ನು ಸಾಧಿಸಲಾರ. ಆದುದರಿಂದ ದುಡಿಸುವವರ ಹೊಣೆಯೂ ಇಲ್ಲಿದೆ. ಶರಣರ ನುಡಿಯನ್ನು ಕಚೇರಿಯ ಗೋಡೆಯ ಮೇಲೆ ಬರೆಸುವವರು, ಅದನ್ನಾಡಿದವರ ಮನೆಯಲ್ಲಿ ಹೆಚ್ಚಿನ ಅಕ್ಕಿ ಉಳಿಯಲಿಲ್ಲವೆಂಬುದನ್ನೂ ನೆನೆಯಬೇಕು.

ಮಾರಯ್ಯನವರು ಹೆಚ್ಚಿನ ಅಕ್ಕಿಯನ್ನು ಸುರಿದು ಬಂದ ದಿನವೂ ಆ ಬಡವರ ಮನೆಯಲ್ಲಿ ದಾಸೋಹ ನಿಲ್ಲಲಿಲ್ಲ. ಮಿತಿಯನ್ನು ಅರಿತ ಕಾಯಕ ಯಾರನ್ನೂ ಬರಿಗೈಯಾಗಿಸಲಿಲ್ಲ. ನಮ್ಮ ದುಡಿಮೆಯೂ ಇಮ್ಮನವನ್ನು ಬಿಟ್ಟು ಒಮ್ಮನಕ್ಕೆ ಮರಳಲಿ.