ರಾಗಿ ಸೀಮೆಯಲ್ಲಿ ಗೋಧಿಯ ಕಾಯಿಲೆ: ಬಿಡದಿ ಕೈಗಾರಿಕಾ ಪ್ರದೇಶದ ಊಟ-ತಿಂಡಿ ಮತ್ತು ಸೀಲಿಯಾಕ್ ರೋಗ

ಬೆಂಗಳೂರು–ಮೈಸೂರು ರಸ್ತೆಯಲ್ಲಿ ಓಡಾಡಿದವರಿಗೆ ಬಿಡದಿ ಎಂದರೆ ತಟ್ಟೆ ಇಡ್ಲಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಊರನ್ನು ಬದಿಗಿಟ್ಟು ಸಾಗಿದರೂ ಹಳೇ ರಸ್ತೆಯ ಹೋಟೆಲುಗಳಲ್ಲಿ ಬೆಳಗಿನ ಹಬೆ ನಿಂತಿಲ್ಲ. ಅದೇ ಊರಿನ ಕೈಗಾರಿಕಾ ಪ್ರದೇಶದಲ್ಲಿ ಟೊಯೋಟಾ ಕಿರ್ಲೋಸ್ಕರ್‌ನ ಕಾರು ಕಾರ್ಖಾನೆ, ಬಾಷ್, ಕೋಕಾ ಕೋಲಾ ಘಟಕಗಳ ಜೊತೆಗೆ ಬ್ರಿಟಾನಿಯಾ ಬಿಸ್ಕತ್ತಿನ ಕಾರ್ಖಾನೆಯೂ ಇದೆ. ಅಂದರೆ ಅಕ್ಕಿ-ಉದ್ದಿನ ಇಡ್ಲಿಗೆ ಹೆಸರಾದ ಊರಿನಲ್ಲೇ ಗೋಧಿಯ ಬಿಸ್ಕತ್ತೂ ತಯಾರಾಗುತ್ತದೆ. ಸುತ್ತ ಮಾಗಡಿ, ಕನಕಪುರದ ಕಡೆ ಹೋದರೆ ರಾಗಿ ಹೊಲ, ಮನೆಮನೆಯಲ್ಲಿ ಮುದ್ದೆ-ಬಸ್ಸಾರು. ಇಂಥ ಸೀಮೆಯಲ್ಲಿ ಗೋಧಿಯಿಂದ ಬರುವ ಕಾಯಿಲೆಯ ಮಾತೇಕೆ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಅದಕ್ಕೆ ಸಿಗುವ ಉತ್ತರ ನಿಶ್ಚಿಂತೆಯಿಂದ ಇರಬಹುದಾದ ಉತ್ತರವಲ್ಲ.

ಸೀಲಿಯಾಕ್ ಎಂಬುದು ಅಲರ್ಜಿಯಲ್ಲ, ಬರೀ ಅಜೀರ್ಣವೂ ಅಲ್ಲ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದಾಗ ಕೆಲವರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಕರುಳಿನ ಒಳಗೋಡೆಯಲ್ಲಿ ಆಹಾರದ ಸಾರವನ್ನು ಹೀರುವ ಬೆರಳಿನಾಕಾರದ ಸೂಕ್ಷ್ಮ ಚಾಚುಗಳಿರುತ್ತವೆ. ವೈದ್ಯರು ವಿಲ್ಲೈ ಎನ್ನುವುದು ಇವನ್ನೇ. ಅವು ಸವೆದು ಚಪ್ಪಟೆಯಾದ ಮೇಲೆ ಉಂಡದ್ದು ಮೈಗೆ ಹತ್ತುವುದಿಲ್ಲ. ಮಕ್ಕಳಲ್ಲಿ ಭೇದಿ, ಹೊಟ್ಟೆ ಉಬ್ಬರ, ಕುಂಠಿತ ಬೆಳವಣಿಗೆ ಕಾಣಿಸಿಕೊಳ್ಳುತ್ತವೆ. ದೊಡ್ಡವರಲ್ಲಿ ಹೊಟ್ಟೆಯ ತೊಂದರೆಯೇ ಇಲ್ಲದೆ ರಕ್ತಹೀನತೆ, ಮೂಳೆ ಸವೆತ, ಬಾಯಿಹುಣ್ಣು, ಗರ್ಭ ನಿಲ್ಲದಿರುವುದು, ವಿಪರೀತ ಸುಸ್ತು ಇಷ್ಟೇ ಇರಬಹುದು. ಕಾಯಿಲೆ ಬಂದವರಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ಎಚ್‌ಎಲ್‌ಎ-ಡಿಕ್ಯು2 ಅಥವಾ ಡಿಕ್ಯು8 ಎಂಬ ವಂಶವಾಹಿ ಇರುತ್ತದೆ. ಗುಣಪಡಿಸುವ ಮಾತ್ರೆ ಇಲ್ಲ. ಗ್ಲುಟೆನ್ನನ್ನು ಜೀವನಪೂರ್ತಿ ಬಿಡುವುದೊಂದೇ ಚಿಕಿತ್ಸೆ.

ಈ ಕಾಯಿಲೆಗೂ ಗೋಧಿಗೂ ಇರುವ ನಂಟನ್ನು ಖಚಿತಪಡಿಸಿದವರು ನೆದರ್‌ಲ್ಯಾಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. 1930ರ ದಶಕದಿಂದಲೇ ಅವರಿಗೆ ಬ್ರೆಡ್ಡಿನ ಮೇಲೆ ಅನುಮಾನವಿತ್ತು. 1944–45ರ ಚಳಿಗಾಲದಲ್ಲಿ ಅಲ್ಲಿ ಗೋಧಿಗೆ ಹಾಹಾಕಾರವಾದಾಗ ಆ ಅನುಮಾನ ಗಟ್ಟಿಯಾಯಿತು, 1950ರಲ್ಲಿ ಅವರು ಅದನ್ನು ಉಟ್ರೆಕ್ಟ್ ವಿಶ್ವವಿದ್ಯಾಲಯದ ಪ್ರಬಂಧವಾಗಿ ಮಂಡಿಸಿದರು. ಅದೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಅಕ್ಕಿ ಸಿಗದಿದ್ದಾಗ ಗೋಧಿ ರವೆಯಿಂದ ಇಡ್ಲಿ ಮಾಡಿದೆವು, ರವೆ ಇಡ್ಲಿ ಹುಟ್ಟಿದ್ದು ಹಾಗೆ ಎಂದು ಮಾವಳ್ಳಿ ಟಿಫಿನ್ ರೂಮ್ಸ್‌ನವರು ಹೇಳುತ್ತಾ ಬಂದಿದ್ದಾರೆ. ಅಲ್ಲಿ ಗೋಧಿಯ ಅಭಾವ ಒಂದು ಕಾಯಿಲೆಯ ಮೂಲವನ್ನು ತೋರಿಸಿಕೊಟ್ಟಿತು. ಇಲ್ಲಿ ಅಕ್ಕಿಯ ಅಭಾವ ಗೋಧಿಯನ್ನು ಇಡ್ಲಿಯೊಳಕ್ಕೇ ತಂದಿತು. ಬಂದ ಗೋಧಿ ವಾಪಸು ಹೋಗಲಿಲ್ಲ. ಉಪ್ಪಿಟ್ಟು, ಕೇಸರಿಬಾತು, ಚಪಾತಿ, ಪರೋಟ, ಬನ್ನು, ಬಿಸ್ಕತ್ತು ಎಂದು ಹಳೇ ಮೈಸೂರಿನ ತಟ್ಟೆಯಲ್ಲಿ ಅದರ ಪಾಲು ಹಿಗ್ಗುತ್ತಲೇ ಬಂದಿದೆ.

ಭಾರತದಲ್ಲಿ ಈ ಕಾಯಿಲೆ ಎಲ್ಲಿ ಎಷ್ಟಿದೆ ಎಂಬುದಕ್ಕೆ ಇರುವ ಅತ್ಯುತ್ತಮ ಆಧಾರ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಉತ್ತರದಲ್ಲಿ ಹರಿಯಾಣ, ಈಶಾನ್ಯದಲ್ಲಿ ಅಸ್ಸಾಂ, ದಕ್ಷಿಣದಲ್ಲಿ ವೆಲ್ಲೂರು ಸೇರಿ ಮೂರು ಕಡೆ ಒಟ್ಟು 23,331 ವಯಸ್ಕರನ್ನು ಸಂಶೋಧಕರು ಪರೀಕ್ಷಿಸಿದರು. ಸೀಲಿಯಾಕ್ ಇದ್ದವರ ಪ್ರಮಾಣ ಉತ್ತರದಲ್ಲಿ ಶೇ 1.04, ಈಶಾನ್ಯದಲ್ಲಿ ಶೇ 0.85, ದಕ್ಷಿಣದಲ್ಲಿ ಶೇ 0.11. ದಿನದ ಗೋಧಿ ಸೇವನೆ ಉತ್ತರದಲ್ಲಿ ಸರಾಸರಿ 455 ಗ್ರಾಂ, ಈಶಾನ್ಯದಲ್ಲಿ 37, ದಕ್ಷಿಣದಲ್ಲಿ 25. ಇಷ್ಟನ್ನೇ ನೋಡಿದರೆ ದಕ್ಷಿಣದವರು ಪಾರು ಎನಿಸುತ್ತದೆ. ವಂಶವಾಹಿಯ ಲೆಕ್ಕ ನೋಡಿದಾಗ ಆ ಸಮಾಧಾನ ಉಳಿಯುವುದಿಲ್ಲ. ರೋಗಕ್ಕೆ ಎಡೆಮಾಡುವ ವಂಶವಾಹಿ ಉತ್ತರದಲ್ಲಿ ಶೇ 38.1 ಮಂದಿಯಲ್ಲಿದ್ದರೆ ದಕ್ಷಿಣದಲ್ಲೂ ಶೇ 36.4 ಮಂದಿಯಲ್ಲಿದೆ. ಮೈಯೊಳಗಿನ ಸಿದ್ಧತೆ ಎರಡೂ ಕಡೆ ಸಮಸಮ.

ಹಾಗೆಂದು ಗೋಧಿಯ ತೂಕವೊಂದೇ ಎಲ್ಲವನ್ನೂ ವಿವರಿಸುತ್ತದೆ ಎಂದರೂ ತಪ್ಪಾಗುತ್ತದೆ. ಅಸ್ಸಾಮಿನವರು ವೆಲ್ಲೂರಿನವರಿಗಿಂತ ತಿನ್ನುವುದು ಹನ್ನೆರಡು ಗ್ರಾಂ ಹೆಚ್ಚು, ಅಷ್ಟೇ. ಕಾಯಿಲೆ ಮಾತ್ರ ಸುಮಾರು ಎಂಟು ಪಟ್ಟು. ಸೋಂಕು, ಕರುಳಿನ ಸೂಕ್ಷ್ಮಾಣುಜೀವಿಗಳು, ಮಗುವಿಗೆ ಗೋಧಿ ತಿನ್ನಿಸಿದ ರೀತಿ ಎಂದು ಸಂಶೋಧಕರು ಬೇರೆ ಕಾರಣಗಳನ್ನೂ ಹುಡುಕುತ್ತಿದ್ದಾರೆ. ಆದರೂ ಒಂದು ಮಾತು ಗಟ್ಟಿ: ಕಾಯಿಲೆಯ ಪ್ರಮಾಣ ಒಂದೇ ಕಡೆ ನಿಲ್ಲುವಂಥದ್ದಲ್ಲ. ಫಿನ್‌ಲ್ಯಾಂಡಿನಲ್ಲಿ 1980ರ ಸುಮಾರಿಗೆ ಶೇ 1ರಷ್ಟಿದ್ದದ್ದು ಇಪ್ಪತ್ತು ವರ್ಷಗಳಲ್ಲಿ ಶೇ 2ಕ್ಕೆ ಏರಿತು. ಅಷ್ಟು ಕಡಿಮೆ ಅವಧಿಯಲ್ಲಿ ವಂಶವಾಹಿ ಬದಲಾಗುವುದಿಲ್ಲ, ಬದುಕುವ ಮತ್ತು ಉಣ್ಣುವ ಕ್ರಮ ಬದಲಾಗುತ್ತದೆ.

ಬಿಡದಿಗೆ ಈ ಲೆಕ್ಕ ಎರಡು ದಾರಿಯಿಂದ ತಾಗುತ್ತದೆ. ಕೈಗಾರಿಕಾ ಪ್ರದೇಶಕ್ಕೆ ಉತ್ತರದಿಂದಲೂ ಈಶಾನ್ಯದಿಂದಲೂ ಕಾರ್ಮಿಕರು ಬಂದು ನೆಲೆಸಿದ್ದಾರೆ; ಅವರ ಪಾಲಿಗೆ ವೆಲ್ಲೂರಿನ ಶೇ 0.11 ಅನ್ವಯಿಸುವುದಿಲ್ಲ. ಸ್ಥಳೀಯರ ತಟ್ಟೆಗೂ ಗೋಧಿ ಬಂದಿದೆ. ಮುದ್ದೆ ಉಂಡು ಬೆಳೆದ ಮಾಗಡಿಯ ಹುಡುಗ ಶಿಫ್ಟಿನ ಬಿಡುವಿನಲ್ಲಿ ಚಪಾತಿ ತಿನ್ನುತ್ತಾನೆ, ಟೀ ಜೊತೆ ಬಿಸ್ಕತ್ತು ಅದ್ದುತ್ತಾನೆ.

ದಕ್ಷಿಣದ ವೈದ್ಯರಿಗೆ ಈ ಕಾಯಿಲೆ ಚಟ್ಟನೆ ಹೊಳೆಯದಿರುವುದಕ್ಕೆ ಚರಿತ್ರೆಯ ಕಾರಣವಿದೆ. ಉಂಡದ್ದು ಮೈಗೆ ಹತ್ತದೆ ಸೊರಗುವವರಲ್ಲಿ ಇಲ್ಲಿ ಮೊದಲು ಶಂಕಿಸುತ್ತಿದ್ದದ್ದು ಟ್ರಾಪಿಕಲ್ ಸ್ಪ್ರೂ ಎಂಬ ಉಷ್ಣವಲಯದ ಕರುಳಿನ ಕಾಯಿಲೆ, ಇಲ್ಲವೇ ಕರುಳಿನ ಕ್ಷಯ. 1960ರ ದಶಕದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ಸ್ಪ್ರೂ ಪಿಡುಗಿನ ಬಗ್ಗೆ ನಡೆಸಿದ ಅಧ್ಯಯನಗಳು ಜಗತ್ತಿನಲ್ಲೇ ಹೆಸರಾದವು. ಸೂಕ್ಷ್ಮದರ್ಶಕದಡಿ ಸ್ಪ್ರೂ, ಸೀಲಿಯಾಕ್ ಎರಡೂ ಕಾಯಿಲೆಗಳ ಕರುಳು ಒಂದನ್ನೊಂದು ಹೋಲುವುದುಂಟು. ಇನ್ನು ರಕ್ತಹೀನತೆಯಂತೂ ಇಲ್ಲಿ ಯಾರ ಹುಬ್ಬನ್ನೂ ಏರಿಸುವುದಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ಅದು ಇದೆ. ಅವರಲ್ಲಿ ಬಹುತೇಕರದು ಊಟದ ಕೊರತೆ, ಮುಟ್ಟಿನ ಅತಿಸ್ರಾವ, ಜಂತುಹುಳುವಿನಂಥ ಕಾರಣ. ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರದ ಹೆಣ್ಣುಮಗಳ ವಿಷಯ ಬೇರೆ. ಅವಳಿಗೆ ಮತ್ತೊಂದು ಪಟ್ಟಿ ಮಾತ್ರೆ ಬರೆದುಕೊಡುವ ಮೊದಲು ಟಿಟಿಜಿ-ಐಜಿಎ ಎಂಬ ರಕ್ತಪರೀಕ್ಷೆ ಮಾಡಿಸಬೇಕು. ಅದು ಪಾಸಿಟಿವ್ ಬಂದರೆ ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಚೂರುಗಳನ್ನು ಬಯಾಪ್ಸಿಗೆ ಕಳಿಸುತ್ತಾರೆ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದ ಕಾರ್ಮಿಕರಿಗೆ ಇಎಸ್‌ಐ ವೈದ್ಯಕೀಯ ಸೌಲಭ್ಯವಿದೆ. ವೈದ್ಯರಿಗೆ ಶಂಕೆ ಮೂಡುವುದೊಂದು ಬೇಕು.

ಪರೀಕ್ಷೆಗೆ ಮುಂಚೆ ಗೋಧಿ ಬಿಡಲೇಬಾರದು. ಬಿಟ್ಟರೆ ಪ್ರತಿಕಾಯಗಳು ಇಳಿಯುತ್ತವೆ, ಕರುಳು ಸುಧಾರಿಸಲು ತೊಡಗುತ್ತದೆ, ಕಾಯಿಲೆ ಇದ್ದೂ ಇಲ್ಲವೆಂಬ ವರದಿ ಬರುತ್ತದೆ.

ಚಪಾತಿ ತಿಂದರೆ ಹೊಟ್ಟೆ ಉಬ್ಬುತ್ತದೆ ಎನ್ನುವ ಎಲ್ಲರಿಗೂ ಸೀಲಿಯಾಕ್ ಇರುವುದಿಲ್ಲ. ರಕ್ತಪರೀಕ್ಷೆ, ಬಯಾಪ್ಸಿ ಎರಡೂ ಸರಿಯಿದ್ದು ಗೋಧಿ ಬಿಟ್ಟಾಗ ಮಾತ್ರ ಹಗುರವೆನಿಸುವವರಿದ್ದಾರೆ. ಗ್ಲುಟೆನ್ ಒಗ್ಗದಿರುವಿಕೆ ಎನ್ನುವುದು ಇದನ್ನು. 2018ರಲ್ಲಿ ಪ್ರಕಟವಾದ ನಾರ್ವೆಯ ಪ್ರಯೋಗವೊಂದರಲ್ಲಿ ಇಂಥ 59 ಮಂದಿಗೆ ಗ್ಲುಟೆನ್ ಮತ್ತು ಫ್ರಕ್ಟಾನ್ ಎಂಬ ಕಾರ್ಬೋಹೈಡ್ರೇಟನ್ನು ಗೊತ್ತಾಗದಂತೆ ಬೇರೆಬೇರೆಯಾಗಿ ಕೊಟ್ಟು ನೋಡಿದರು. ಹೆಚ್ಚು ತೊಂದರೆ ಕೊಟ್ಟದ್ದು ಫ್ರಕ್ಟಾನ್. ಅದು ಗೋಧಿಯಲ್ಲಿರುವಂತೆ ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಇದೆ. ಇವರ ನರಳಿಕೆ ಸುಳ್ಳಲ್ಲ. ಆದರೆ ಇವರ ಕರುಳು ಸವೆಯುವುದಿಲ್ಲ, ಅಪರೂಪಕ್ಕೆ ಒಂದು ತುತ್ತು ತಿಂದರೆ ಅನಾಹುತವಿಲ್ಲ. ಸೀಲಿಯಾಕ್ ಇರುವವರಿಗೆ ಆ ರಿಯಾಯಿತಿ ಇಲ್ಲ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಕೂಡ ಕಾಲಕ್ರಮೇಣ ಕರುಳನ್ನು ಕೆಡಿಸಬಲ್ಲದು. ಒಂದು ಹೋಳು ಬ್ರೆಡ್ಡಿನಲ್ಲಿ ಅದರ ಹತ್ತಾರು ಪಟ್ಟು ಇರುತ್ತದೆ.

ಬದುಕುವ ದಾರಿಯ ವಿಷಯಕ್ಕೆ ಬಂದರೆ ರಾಮನಗರ ಸೀಮೆಯವರಿಗೆ ಇರುವ ಅನುಕೂಲ ಲುಧಿಯಾನದವರಿಗಿಲ್ಲ. ರಾಗಿ, ಅಕ್ಕಿ, ಜೋಳ, ನವಣೆ, ಸಾಮೆ ಯಾವುದರಲ್ಲೂ ಗ್ಲುಟೆನ್ ಇಲ್ಲ. ಮುದ್ದೆ ಕಟ್ಟಿಕೊಳ್ಳುವುದು ರಾಗಿಯ ಪಿಷ್ಟ ಬೆಂದು ಅಂಟಾಗುವುದರಿಂದ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಮೀರಿ ಸುಣ್ಣದಂಶವಿದೆ. ಮೂಳೆ ಸವೆದ ರೋಗಿಗೆ ಅದು ಬೇಕಾದದ್ದೇ. ಪೇಟೆಯ ದುಬಾರಿ ಗ್ಲುಟೆನ್‌ರಹಿತ ಬ್ರೆಡ್ಡನ್ನು ಹುಡುಕಿ ಅಲೆಯುವ ಅಗತ್ಯ ಇಲ್ಲಿಲ್ಲ.

ಅಪಾಯ ಇರುವುದು ಕಣ್ಣಿಗೆ ಕಾಣದ ಕಡೆ. ಊರಿನ ಹಿಟ್ಟಿನ ಮಿಷನ್ನಿನ ಮುಂದೆ ಬೆಳಗ್ಗೆ ಡಬ್ಬ, ಚೀಲಗಳ ಸಾಲು ಇರುತ್ತದೆ. ಒಬ್ಬರ ಗೋಧಿ ಬೀಸಿ ಮುಗಿದು, ಜೋಲುವ ಬಟ್ಟೆಯ ಬಾಯಿಯನ್ನು ಎರಡು ಸಲ ಕೊಡವಿ, ಅದೇ ಕಲ್ಲಿಗೆ ಮುಂದಿನವರ ರಾಗಿ ಸುರಿಯುತ್ತಾರೆ. ಮೊದಲು ಬೀಳುವ ಸೇರಿನಷ್ಟು ರಾಗಿಹಿಟ್ಟು ನಸುಬೆಳ್ಳಗಿರುತ್ತದೆ. ಆ ಬಿಳುಪು ಗೋಧಿಯದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಂಶೋಧಕರು ದಕ್ಷಿಣ ಭಾರತದ ಮಾರುಕಟ್ಟೆಯಲ್ಲಿ ಪರೀಕ್ಷಿಸಿದಾಗ, ಸಹಜವಾಗಿ ಗ್ಲುಟೆನ್ ಇರಬಾರದ ಧಾನ್ಯಗಳ ಪದಾರ್ಥಗಳಲ್ಲೂ ಕೆಲವದರಲ್ಲಿ ಅದು ಪತ್ತೆಯಾಗಿತ್ತು. ಓಟ್ಸ್‌ನದು ಎಲ್ಲಕ್ಕಿಂತ ಕೆಟ್ಟ ಸ್ಥಿತಿ. ಮನೆಯಲ್ಲೇ ಸಣ್ಣ ಬೀಸುವ ಯಂತ್ರ ಇಟ್ಟುಕೊಳ್ಳುವುದು ಇದಕ್ಕೆ ಪರಿಹಾರ. ಆಗದಿದ್ದರೆ ಅಕ್ಕಿ, ರಾಗಿ ಮಾತ್ರ ಬೀಸುವ ಮಿಷನ್ನನ್ನು ಗೊತ್ತುಮಾಡಿಕೊಳ್ಳಬೇಕು.

ಇಂಗು ಇನ್ನೊಂದು. ಅಂಗಡಿಯ ಡಬ್ಬಿಯಲ್ಲಿರುವುದು ಅಪ್ಪಟ ಇಂಗಲ್ಲ, ಹಿಟ್ಟು ಬೆರೆಸಿದ್ದು. ಹಲವು ಬ್ರ್ಯಾಂಡುಗಳಲ್ಲಿ ಆ ಹಿಟ್ಟು ಗೋಧಿಯದೋ ಮೈದಾದ್ದೋ ಆಗಿರುತ್ತದೆ. ಅಕ್ಕಿಯ ಇಡ್ಲಿ ಸುರಕ್ಷಿತವಾಗಿದ್ದರೂ ಪಕ್ಕದ ಸಾಂಬಾರು ಹಾಗಲ್ಲದಿರಬಹುದು. ನಿಪ್ಪಟ್ಟು, ಕೋಡುಬಳೆ, ರವೆ ದೋಸೆ, ಹೋಳಿಗೆಯ ಕಣಕ, ಬಾರ್ಲಿ ಮಾಲ್ಟಿನ ಪಾನೀಯಗಳು, ರಾಗಿಯ ಹೆಸರಿಟ್ಟು ಅರ್ಧಕ್ಕರ್ಧ ಮೈದಾ ಹಾಕಿದ ಬಿಸ್ಕತ್ತು ಇವೆಲ್ಲ ಅದೇ ಸಾಲಿಗೆ ಸೇರುತ್ತವೆ. ಉತ್ತರ ಕರ್ನಾಟಕದ ಕಪ್ಲಿ ಗೋಧಿ ಹಳೆಯ ತಳಿ, ಆದ್ದರಿಂದ ತೊಂದರೆಯಿಲ್ಲ ಎಂಬ ಮಾತೂ ಹರಿದಾಡುತ್ತಿದೆ. ಅದರಲ್ಲೂ ಗ್ಲುಟೆನ್ ಇದೆ, ಸೀಲಿಯಾಕ್ ರೋಗಿಗೆ ಅದು ಸಲ್ಲದು. ಪೊಟ್ಟಣದ ಆಹಾರದಲ್ಲಿ ಗ್ಲುಟೆನ್ ಇರುವ ಧಾನ್ಯ ಬಳಸಿದ್ದರೆ ಲೇಬಲ್ಲಿನಲ್ಲಿ ನಮೂದಿಸಬೇಕೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮವಿದೆ. ಗ್ಲುಟೆನ್‌ರಹಿತ ಎಂದು ಮಾರುವುದಾದರೆ ಕಿಲೋಗೆ 20 ಮಿಲಿಗ್ರಾಂ ಮೀರಬಾರದು. ಸಾಂಬಾರಿನ ಪಾತ್ರೆಗೆ ಲೇಬಲ್ಲಿಲ್ಲ.

ಹಾಗಾಗಿ ಮಾತು ಕಾರ್ಖಾನೆಯ ಕ್ಯಾಂಟೀನಿಗೆ ಬರಲೇಬೇಕು. ದಿನದ ಒಂದು ಹೊತ್ತಿನ ಊಟವಾದರೂ ಕಾರ್ಮಿಕರಿಗೆ ಅಲ್ಲೇ. 1948ರ ಕಾರ್ಖಾನೆ ಕಾಯ್ದೆ 250ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಕ್ಯಾಂಟೀನನ್ನು ಕಡ್ಡಾಯ ಮಾಡಲು ಅವಕಾಶ ಕೊಟ್ಟಿತು, ಅದರ ಆಡಳಿತದಲ್ಲಿ ಕಾರ್ಮಿಕರಿಗೂ ಪ್ರಾತಿನಿಧ್ಯ ಇರುವಂತೆ ನೋಡಿಕೊಂಡಿತು. 2020ರ ಹೊಸ ಕಾರ್ಮಿಕ ಸಂಹಿತೆ ಆ ಮಿತಿಯನ್ನು 100ಕ್ಕೆ ಇಳಿಸಿದೆ. ಕ್ಯಾಂಟೀನ್ ಸಮಿತಿಯಲ್ಲಿ ಸಾಮಾನ್ಯವಾಗಿ ಚರ್ಚೆಯಾಗುವುದು ರುಚಿ, ದರ, ಶುಚಿ. ಗ್ಲುಟೆನ್ ವಿಷಯವನ್ನು ಅಲ್ಲಿ ಎತ್ತಿದರೆ ಆಗಬೇಕಾದ ಕೆಲಸ ದೊಡ್ಡದೇನಲ್ಲ: ಅಕ್ಕಿಹಿಟ್ಟು ಬೆರೆಸಿದ ಇಂಗನ್ನೇ ತರಿಸುವುದು, ಚಪಾತಿ ಲಟ್ಟಿಸುವ ಜಾಗವನ್ನು ಅನ್ನ-ಮುದ್ದೆಯ ಒಲೆಯಿಂದ ದೂರ ಇಡುವುದು, ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿಯದಿರುವುದು, ಬಡಿಸುವ ಸೌಟು ಬೇರೆ ಮಾಡುವುದು, ಯಾವುದರಲ್ಲಿ ಗೋಧಿ ಇದೆ ಎಂದು ಕನ್ನಡ, ಹಿಂದಿ ಎರಡರಲ್ಲೂ ಬೋರ್ಡಿನಲ್ಲಿ ಬರೆಯುವುದು.

ಒಬ್ಬರಲ್ಲಿ ಕಾಯಿಲೆ ಪತ್ತೆಯಾದರೆ ವಿಷಯ ಅವರೊಬ್ಬರಿಗೇ ಮುಗಿಯುವುದಿಲ್ಲ. ಅಪ್ಪ-ಅಮ್ಮ, ಒಡಹುಟ್ಟಿದವರು, ಮಕ್ಕಳಲ್ಲಿ ಸೀಲಿಯಾಕ್ ಇರುವ ಸಾಧ್ಯತೆ ಹತ್ತಿರ ಹತ್ತಿರ ಶೇ 7ರಿಂದ 10. ಬಿಡದಿಯ ಬಾಡಿಗೆ ಕೋಣೆಯಲ್ಲಿರುವ ಹರಿಯಾಣದ ಕಾರ್ಮಿಕನೊಬ್ಬನ ವರದಿ ಪಾಸಿಟಿವ್ ಬಂದರೆ, ಊರಿನಲ್ಲಿ ವಯಸ್ಸಿಗೆ ತಕ್ಕಷ್ಟು ಬೆಳೆಯದ ಅವನ ತಂಗಿಗೂ ಅದೇ ಪರೀಕ್ಷೆ ಆಗಬೇಕು. ಅದನ್ನು ಫೋನಿನಲ್ಲಿ ಮನೆಯವರಿಗೆ ಹೇಗೆ ವಿವರಿಸಬೇಕೆಂದು ಅವನಿಗೆ ತಿಳಿಸಿಕೊಡುವುದೂ ಇಲ್ಲಿ ಅವನನ್ನು ನೋಡುವ ವೈದ್ಯರ ಕೆಲಸವೇ.