ಪೇಟೆ, ದಂಡು ಮತ್ತು ಬದುಕಿನ ಅಳತೆ

ಕಡೂರಿನ ಬಳಿಯ ನಮ್ಮ ಎಮ್ಮೆದೊಡ್ಡಿಯ ಸೀಮೆಯಲ್ಲಿ ಒಂದು ವರ್ಷದ ಬಾಳುವೆ ಹೇಗಾದೀತೆಂಬುದನ್ನು ತಿಳಿಯಬೇಕಾದರೆ ಮದಗದ ಕೆರೆಗೆ ನೀರು ಬಂದಿತೇ ಎಂದು ವಿಚಾರಿಸಿದರೆ ಬಹುಮಟ್ಟಿಗೆ ಸಾಕಾಗುತ್ತದೆ. ನಗರದ ಸುಖದುಃಖಗಳನ್ನು ಹೀಗೆ ಒಂದೇ ಪ್ರಶ್ನೆಯಿಂದ ಅಳೆಯಲಾಗದೆಂಬುದನ್ನು ಬೆಂಗಳೂರಿಗೆ ಮನಗಾಣಿಸಿದುದು 1898ರ ಪ್ಲೇಗು. ಹರಿಹರದಿಂದ ಅಜ್ಜಂಪುರ, ಬೀರೂರು, ಕಡೂರುಗಳ ಮೇಲೆ ಹಾದುಹೋಗುವ ರೈಲುಹಾದಿ ಪೂರ್ಣಗೊಂಡು ಆಗಿನ್ನೂ ಹತ್ತು ವರ್ಷ ತುಂಬಿರಲಿಲ್ಲ. ನಮ್ಮ ಕಡೆಯ ಜನರನ್ನೂ ಸರಕನ್ನೂ ಸಾಗಿಸುತ್ತಿದ್ದ ಆ ಹಾದಿಯಲ್ಲಿಯೇ ಹುಬ್ಬಳ್ಳಿಯ ಕಡೆಯಿಂದ ಆ ಮಹಾಮಾರಿಯು ಆಗಸ್ಟ್ ತಿಂಗಳಲ್ಲಿ ಬೆಂಗಳೂರನ್ನು ಹೊಕ್ಕಿತು.

ಆಗ ಬೆಂಗಳೂರೆಂಬುದು ಒಂದೇ ಊರಾಗಿರಲಿಲ್ಲ. ಪೇಟೆಯು ಮೈಸೂರು ಸರ್ಕಾರದ ಆಡಳಿತಕ್ಕೆ ಒಳಪಟ್ಟಿದ್ದರೆ, 1809ರಲ್ಲಿ ಸೇನಾನೆಲೆಯಾಗಿ ನೆಲೆಗೊಂಡ ದಂಡು, 1881ರಲ್ಲಿ ರಾಜ್ಯವು ಒಡೆಯರಿಗೆ ಮರಳಿದ ಮೇಲೆಯೂ, ಬ್ರಿಟಿಷರ ಕೈಯಲ್ಲಿಯೇ ಉಳಿದು, ಎರಡಕ್ಕೂ ಬೇರೆ ಬೇರೆ ಪುರಸಭೆಗಳಿದ್ದುವು. ದಂಡು ವಿಶಾಲ, ಪೇಟೆ ಇಕ್ಕಟ್ಟು ಎಂದು ಹೇಳಿಬಿಡುವುದು ಸುಲಭ; ಆದರೆ ದಂಡಿನ ಬಂಗಲೆಗಳಿಗೆ ಅನತಿದೂರದಲ್ಲಿಯೇ ಇಂದು ಶಿವಾಜಿನಗರವೆನಿಸಿಕೊಂಡಿರುವ ಬ್ಲ್ಯಾಕ್‌ಪಳ್ಳಿಯ ಸಂದಿಗೊಂದಿಗಳಿದ್ದು, ಅಲ್ಲಿಯ ಬಡವರ ಪಾಡು ಪೇಟೆಯವರ ಪಾಡಿಗಿಂತ ಮೇಲಾಗಿರಲಿಲ್ಲ. ರೋಗವು ಹಬ್ಬಿದಾಗ ಅಧಿಕಾರಿಗಳು ಕೇರಿಕೇರಿಗೆ ಹೋಗಿ, ಕೋಣೆಗೆ ಕಿಟಕಿಯುಂಟೇ, ಹಿತ್ತಲ ಚರಂಡಿ ಹರಿಯುತ್ತಿದೆಯೇ, ಒಂದೇ ಸೂರಿನಡಿ ಮಲಗುವವರೆಷ್ಟು ಎಂಬುದನ್ನು ನೋಡಲೇಬೇಕಾಯಿತು. ಗಾಳಿಬೆಳಕುಗಳು ಹೀಗೆ ಸರ್ಕಾರದ ಚಿಂತೆಗೆ ವಿಷಯವಾದುವು. ಸಾವು ಮನೆಬಾಗಿಲಿಗೆ ಬರುವ ತನಕ ಯಾರೂ ಆ ಬಾಗಿಲನ್ನು ದಾಟಿ ಒಳಗೆ ನೋಡಲಿಲ್ಲವಲ್ಲ ಎಂಬುದನ್ನು ನೆನೆದರೆ ಮನಸ್ಸು ನೋಯುತ್ತದೆ.

1891ರ ಜನಗಣತಿಯಲ್ಲಿ ಪೇಟೆ ದಂಡುಗಳೆರಡೂ ಸೇರಿ 1,80,366 ಇದ್ದ ಜನಸಂಖ್ಯೆ 1901ರಲ್ಲಿ 1,59,046ಕ್ಕೆ ಇಳಿದಿತ್ತು. ಸತ್ತವರು, ಊರು ಬಿಟ್ಟವರು, ಯಾವ ಓಣಿಯಲ್ಲಿ ಎಷ್ಟು ಮನೆ ಬರಿದಾಯಿತು ಎಂಬುದೆಲ್ಲವೂ ಆ ಮೊತ್ತದಲ್ಲಿ ಮುಳುಗಿಹೋಗಿತ್ತು.

ಪ್ಲೇಗಿಗೆ ಮೊದಲೇ ಯೋಜಿತವಾಗಿದ್ದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬಳಿಕ ಭರದಿಂದ ಬೆಳೆದುವು. ಅಗಲವಾದ ಬೀದಿ, ಮನೆಗೆ ಮುಂದೆಯೂ ಹಿಂದೆಯೂ ಬಯಲು, ಹಿತ್ತಲ ಬೆನ್ನಿಗೆ ಜಾಡಮಾಲಿಯು ಬಂದುಹೋಗುವ ಕಿರುಗಲ್ಲಿ: ಆರೋಗ್ಯವನ್ನು ಅಡಿಗಳಲ್ಲಿ ಅಳೆದು ನೆಲದ ಮೇಲೆ ಗೆರೆ ಎಳೆದಂತಿತ್ತು ಅಲ್ಲಿಯ ವಿನ್ಯಾಸ. ಆದರೆ ನಿವೇಶನಗಳನ್ನು ಜಾತಿವಾರು ವಿಂಗಡಿಸಲಾಗಿತ್ತು. ಆ ಕಿರುಗಲ್ಲಿಯನ್ನು ಗುಡಿಸುತ್ತಿದ್ದವನ ಸ್ವಂತ ಕೇರಿಗೆ ಅಂತಹ ಅಳತೆಯ ಭಾಗ್ಯವೆಲ್ಲಿಯದು! 1894ರ ಯೋಜನೆಯಿಂದ ಹೆಸರಘಟ್ಟದ ನೀರೂ, 1905ರಲ್ಲಿ ಶಿವನಸಮುದ್ರದ ವಿದ್ಯುದ್ದೀಪವೂ ನಗರಕ್ಕೆ ಬಂದುವೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೆಮ್ಮೆಪಡತಕ್ಕದ್ದೇ ಸರಿ. ಆದರೆ ಮನೆಯೊಳಗಿನ ನಲ್ಲಿಗೂ ಬೀದಿಯ ನಲ್ಲಿಯ ಮುಂದೆ ಸಾಲಾಗಿ ಇಟ್ಟ ಕೊಡಗಳಿಗೂ ಇರುವ ಅಂತರವನ್ನು ‘ನೀರು ಬಂದಿತು’ ಎಂಬ ಮಾತು ಹೇಳಲಾರದು.

ಪೇಟೆ ದಂಡುಗಳು 1949ರಲ್ಲಿ ಒಂದೇ ಕಾರ್ಪೊರೇಷನ್ನಾದುವು. ಆ ಬಳಿಕ ಬಹುಕಾಲ ಕಳೆದು, 1994ರಲ್ಲಿ, ಸ್ಯಾಮ್ಯುಯೆಲ್ ಪಾಲ್ ಅವರ ನೇತೃತ್ವದಲ್ಲಿ ಹೊರಬಂದ ನಾಗರಿಕ ವರದಿಪಟ್ಟಿಯು ನಗರದ ಸೇವೆಗಳು ಹೇಗಿವೆಯೆಂದು ಕಚೇರಿಯ ಕಡತಗಳನ್ನು ಬಿಟ್ಟು ನಿವಾಸಿಗಳನ್ನೇ ಕೇಳಿತು. ಕೊಳೆಗೇರಿಯ ಕುಟುಂಬಗಳ ಉತ್ತರವನ್ನು ಉಳಿದವರ ಉತ್ತರದಲ್ಲಿ ಬೆರೆಸದೆ ಬೇರೆಯಾಗಿಯೇ ಲೆಕ್ಕಹಾಕಿತು. ಸೇವೆಯು ತೃಪ್ತಿಕರವೇ ಎಂಬುದರ ಜೊತೆಗೆ, ಅದನ್ನು ಪಡೆಯಲು ಲಂಚ ಕೊಡಬೇಕಾಯಿತೇ ಎಂಬುದನ್ನೂ ಅದು ಕೇಳಿತ್ತು.