ಬೆಂಕಿಪೊಟ್ಟಣದಲ್ಲಿ ಬಂದ ಹುಳ

ನಮ್ಮ ರಾಯಚೂರು ಸೀಮೆಯ ರೈತರು ಕೀಟನಾಶಕಕ್ಕೆ ಅನ್ನುವುದು ‘ಎಣ್ಣಿ’ ಅಂತಲೇ. ಹೊಲಕ್ಕೆ ಎಣ್ಣಿ ಹೊಡೆಯುತ್ತಾರೆ, ಅಂಗಡಿಯಿಂದ ಎಣ್ಣಿ ಉದ್ರಿ ತರುತ್ತಾರೆ. 1988ರಲ್ಲಿ ನಾನು ಮಾನ್ವಿ ತಾಲ್ಲೂಕಿನಲ್ಲಿ ಕೃಷಿ ಸಹಾಯಕ. ಒಂದು ಮುಂಜಾನೆ ಹಿರಿಯ ರೈತರೊಬ್ಬರು ನನ್ನ ಮೇಜಿನ ಮೇಲೆ ಬೆಂಕಿಪೊಟ್ಟಣವೊಂದನ್ನು ಬಿಚ್ಚಿಟ್ಟರು. ಒಳಗೆ ಹತ್ತಿಯ ಮೊಗ್ಗಿಗೆ ತಲೆ ತೂರಿಸಿಕೊಂಡ ಹಸಿರು ಕಾಯಿಕೊರಕ.

“ನಿನ್ನೆ ಎಣ್ಣಿ ಬಿದ್ದ ಹುಳ ಇದು ಸಾಹೇಬ್ರ. ಹ್ಯಾಂಗ ತಿನ್ನಕತ್ತದ ನೋಡ್ರಿ.”

ಎಷ್ಟು ನೀರಿಗೆ ಎಷ್ಟು ಬೆರೆಸಿದಿರಿ, ಯಾವ ಹೊತ್ತಿನಲ್ಲಿ ಹೊಡೆದಿರಿ, ಡಬ್ಬಿಯ ಸೀಲು ಸರಿ ಇತ್ತೇ ಎಂದು ಕೇಳಿದೆ. ಎಲ್ಲಕ್ಕೂ ಸರಿಯಾದ ಉತ್ತರವೇ ಬಂತು. ಆದರೂ, ಎಣ್ಣೆ ಕಲಬೆರಕೆ ಇರಬೇಕು, ಇಲ್ಲವೇ ನಿಮ್ಮ ಆಳುಗಳು ಗಿಡದ ಒಳಕ್ಕೆ ಬೀಳುವ ಹಾಗೆ ಹೊಡೆದಿಲ್ಲ ಎಂದುಬಿಟ್ಟೆ. ಹುಳವನ್ನು ಕಿಟಕಿಯಾಚೆ ಎಸೆದೆ.

ಆ ಹುಳಕ್ಕೊಂದು ಚರಿತ್ರೆ ಇತ್ತು. 1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ಹೈಬ್ರಿಡ್ ಹತ್ತಿ ಬಂತು, 1981ರಲ್ಲಿ ಡಿಸಿಎಚ್-32, ಅಂದರೆ ಜಯಲಕ್ಷ್ಮಿ. ಉದ್ದ ಎಳೆಯ, ಒಳ್ಳೆಯ ಬೆಲೆಯ ಹತ್ತಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದು ತಿಂಗಳುಗಟ್ಟಲೆ ಹಸಿರಾಗಿ ನಿಲ್ಲುತ್ತಿತ್ತು. ಹುಳಕ್ಕೂ ಅಷ್ಟೂ ತಿಂಗಳು ಊಟ. ಅದೇ ಹೊತ್ತಿಗೆ ಸೈಪರ್‌ಮೆಥ್ರಿನ್, ಫೆನ್‌ವಾಲರೇಟ್ ಎಂಬ ಪೈರೆಥ್ರಾಯ್ಡ್ ಎಣ್ಣೆಗಳು ಅಂಗಡಿಗೆ ಬಂದವು. ಸೇವಂತಿಗೆ ಬಳಗದ ಪೈರೆಥ್ರಮ್ ಹೂವಿನ ವಿಷವನ್ನು ಮಾದರಿಯಾಗಿಟ್ಟುಕೊಂಡು, ಬಿಸಿಲಿಗೂ ಕೆಡದಂತೆ ಇಂಥವನ್ನು ಮಾಡಬಹುದೆಂದು 1970ರ ದಶಕದಲ್ಲಿ ಇಂಗ್ಲೆಂಡಿನ ರೊಥಾಮ್‌ಸ್ಟೆಡ್‌ನಲ್ಲಿ ಮೈಕೆಲ್ ಎಲಿಯಟ್ ತಂಡ ತೋರಿಸಿಕೊಟ್ಟಿತ್ತು. ಅವು ನರದ ಬಾಗಿಲು ಮುಚ್ಚಗೊಡುವುದಿಲ್ಲ. ಹುಳ ನಡುಗಿ ನಡುಗಿ ಸಾಯುತ್ತದೆ. ಮೊದಲ ವರ್ಷಗಳಲ್ಲಿ ಸಾಲಿನ ಕೆಳಗೆ ಬಿದ್ದಿರುತ್ತಿದ್ದ ಹುಳಗಳನ್ನು ನಾನೇ ಕಂಡಿದ್ದೇನೆ.

ಎಚ್ಚರಿಕೆ ಬೇರೆ ಕಡೆ ಆಗಲೇ ಸಿಕ್ಕಿತ್ತು. 1983ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಎಮರಾಲ್ಡ್‌ನಲ್ಲಿ ಇದೇ ಜಾತಿಯ ಹುಳ ಇದೇ ಬಗೆಯ ಎಣ್ಣೆಗೆ ಸಾಯಲಿಲ್ಲ. ಅಲ್ಲಿಯವರು ಪೈರೆಥ್ರಾಯ್ಡ್ ಹೊಡೆಯುವುದನ್ನು ಹಂಗಾಮಿನ ಕೆಲವೇ ವಾರಗಳಿಗೆ ಕಟ್ಟಿಹಾಕಿದರು. ನಮ್ಮಲ್ಲಿ ಅಂಥ ಕಟ್ಟು ಇರಲಿಲ್ಲ. 1987ರ ಹಂಗಾಮಿನಲ್ಲಿ ಪಕ್ಕದ ಆಂಧ್ರದ ಗುಂಟೂರು, ಪ್ರಕಾಶಂ ಜಿಲ್ಲೆಗಳಲ್ಲಿ ಎಣ್ಣೆಯ ಮೇಲೆ ಎಣ್ಣೆ ಹೊಡೆದರೂ ಹತ್ತಿ ಉಳಿಯಲಿಲ್ಲ. ಸಾಲ ಹೊತ್ತ ರೈತರು ಪ್ರಾಣ ಕಳೆದುಕೊಂಡರು. ಆಂಧ್ರದಿಂದ ಬಂದು ನಮ್ಮ ಕಾಲುವೆ ಬಯಲಿನ ಕ್ಯಾಂಪುಗಳಲ್ಲಿ ನೆಲೆಸಿದ್ದ, ಅಲ್ಲಿ ಬಂಧು ಬಳಗ ಇದ್ದ ರೈತರಿಗೆ ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು.

ಹುಳ ಈ ಎಣ್ಣೆಯನ್ನು ಅರಗಿಸಿಕೊಂಡದ್ದು ಹೇಗೆ? ಹಸಿ ಹತ್ತಿಕಾಳನ್ನು ದನಕ್ಕೆ ಅಳತೆ ಮೀರಿ ಹಾಕಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅದರಲ್ಲಿ ಗಾಸಿಪಾಲ್ ಎಂಬ ವಿಷ ಇದೆ. ಕಾಯಿಕೊರಕ ಹತ್ತಿ, ತೊಗರಿ, ಕಡಲೆ, ಟೊಮ್ಯಾಟೊ ಎಲ್ಲವನ್ನೂ ತಿನ್ನುತ್ತದೆ. ಗಿಡಕ್ಕೊಂದು ವಿಷ, ಅದನ್ನು ಮುರಿಯಲು ಹುಳದ ಮೈಯಲ್ಲಿ ಕಿಣ್ವಗಳು. ಪಿ450 ಎಂಬುದು ಅಂಥ ಕಿಣ್ವಗಳ ದೊಡ್ಡ ಮನೆತನ. ನಮ್ಮ ಎಣ್ಣೆ ಬಂದದ್ದು ವಿಷದೊಡನೆ ಬಾಳಿ ಪಳಗಿದ ಹೊಟ್ಟೆಗೆ.

ಇಲ್ಲೊಂದು ಸಂಗತಿ ನನ್ನನ್ನು ಬಹಳ ಹಿಡಿದಿದೆ. 1940ರಲ್ಲೇ ಅಮೆರಿಕದಲ್ಲಿ, ಪೈರೆಥ್ರಮ್ ಹೂವಿನ ರಸಕ್ಕೆ ಎಳ್ಳೆಣ್ಣೆ ಬೆರೆಸಿದರೆ ಕೀಟ ಹೆಚ್ಚು ಸಾಯುತ್ತದೆಂದು ಕಂಡುಕೊಂಡಿದ್ದರು. ಎಳ್ಳೆಣ್ಣೆಯಲ್ಲಿರುವ ಪದಾರ್ಥ ಪಿ450 ಕಿಣ್ವದ ಕೈ ಕಟ್ಟುತ್ತದೆ ಎಂಬುದು ಆಮೇಲೆ ತಿಳಿಯಿತು. ಅದೇ ಕೆಲಸ ಮಾಡುವ ಪಿಪೆರೊನಿಲ್ ಬ್ಯುಟಾಕ್ಸೈಡ್ ಬೆರೆಸಿ, ಎಣ್ಣೆಗೆ ಬಗ್ಗದ ಹುಳ ಆಗ ಸಾಯುತ್ತದೆಯೇ ಎಂದು ಪ್ರಯೋಗಾಲಯಗಳಲ್ಲಿ ನೋಡುತ್ತಾರೆ. ಸತ್ತರೆ, ಅದನ್ನು ಕಾಯುತ್ತಿದ್ದದ್ದು ಕಿಣ್ವ.

ಜೀನಿನ ಗುರುತು ಸಿಕ್ಕಿದ್ದು 2012ರಲ್ಲಿ, ಜರ್ಮನಿಯ ಯೇನಾದಲ್ಲಿ. ಆಸ್ಟ್ರೇಲಿಯಾದ ಒಂದು ತಳಿಯ ಕಾಯಿಕೊರಕ ಫೆನ್‌ವಾಲರೇಟನ್ನು 42 ಪಟ್ಟು ಹೆಚ್ಚು ತಾಳಿಕೊಳ್ಳುತ್ತಿತ್ತು. ಅದರಲ್ಲಿ ಅಕ್ಕಪಕ್ಕದ ಎರಡು ಪಿ450 ಜೀನುಗಳು ಯಾವುದೋ ತಲೆಮಾರಿನಲ್ಲಿ ಓರೆಯಾಗಿ ಹೊಸೆದುಕೊಂಡು, ಒಂದರ ಮುಂಭಾಗ ಇನ್ನೊಂದರ ಹಿಂಭಾಗಕ್ಕೆ ಬೆಸೆದುಕೊಂಡಿತ್ತು. ಮೂಲದ ಎರಡೂ ಕಿಣ್ವಗಳಿಗೆ ಫೆನ್‌ವಾಲರೇಟ್ ಮುರಿಯಲು ಬಾರದು. ಬೆಸುಗೆಯಿಂದ ಹುಟ್ಟಿದ ಮೂರನೆಯದಕ್ಕೆ ಬರುತ್ತದೆ. ಸಿವೈಪಿ337ಬಿ3 ಎಂದು ಅದರ ಹೆಸರು. ಇಂಥ ಬೆಸುಗೆ ಜಗತ್ತಿನಲ್ಲಿ ಒಂದಕ್ಕಿಂತ ಹೆಚ್ಚು ಸಲ, ಬೇರೆ ಬೇರೆಯಾಗಿ ಆಗಿದೆ ಎಂದು 2018ರಲ್ಲಿ ಗೊತ್ತಾಯಿತು. ಹುಳಕ್ಕೆ ಇದೊಂದೇ ದಾರಿ ಅಲ್ಲ; ಎಸ್ಟರೇಸ್ ಕಿಣ್ವಗಳಿವೆ, ನರದ ಬಾಗಿಲೇ ಬದಲಾಗುವುದೂ ಇದೆ. ಯಾವ ದಾರಿಯಾದರೂ, ಎಣ್ಣೆ ಹೊಸ ಜೀನನ್ನು ಹುಟ್ಟಿಸಲಿಲ್ಲ, ಅದಿಲ್ಲದ ಹುಳಗಳನ್ನು ತೆಗೆದುಹಾಕಿ ಇದ್ದವಕ್ಕೆ ಹೊಲ ಬಿಟ್ಟುಕೊಟ್ಟಿತು. ಪ್ರತಿ ಸಿಂಪರಣೆಯೂ ನಾವು ಮಾಡಿದ ಬೀಜದ ಆಯ್ಕೆ.

ಕಲಬೆರಕೆ ಎಣ್ಣೆ ಆಗಲೂ ಇತ್ತು, ಈಗಲೂ ಇದೆ. ಆದರೆ ಅಂದು ಆ ರೈತರು ಎದುರಿಗಿಟ್ಟದ್ದು ದೂರನ್ನಲ್ಲ, ಸಾಕ್ಷಿಯನ್ನು. ಹೊಡೆದದ್ದು, ಬಿದ್ದದ್ದು, ಬದುಕಿದ್ದು ಮೂರನ್ನೂ ಕಣ್ಣಾರೆ ನೋಡಿ, ಹುಳಕ್ಕೆ ತಿನ್ನಲು ಮೊಗ್ಗು ಇಟ್ಟು, ಎಂಟು ಮೈಲಿ ಸೈಕಲ್ ತುಳಿದು ತಂದಿದ್ದರು. ನಾನು ಅದನ್ನು ಕೃಷಿ ಕಾಲೇಜಿನ ಕೀಟಶಾಸ್ತ್ರದವರಿಗೆ ಕಳಿಸಬೇಕಿತ್ತು.

ನನ್ನ ಮಾತು ನಂಬಿ ಅವರು ಬೇರೆ ಅಂಗಡಿಯಿಂದ ಅದೇ ಎಣ್ಣೆ ಉದ್ರಿ ತಂದು ಇನ್ನೂ ಮೂರು ಸಲ ಹೊಡೆದರು. ಮರುವರ್ಷ ಆ ಹೊಲಕ್ಕೆ ಜೋಳ ಬಿತ್ತಿದರು. ಹುಳ ತೋರಿಸಲು ಮತ್ತೆ ನನ್ನ ಕಚೇರಿಗೆ ಬರಲಿಲ್ಲ.